ಮಂಜಿನ ಬಂದರಿನಲ್ಲಿ ಒಂದು ಸೂರ್ಯೋದಯ

ಪ್ಯಾರಿಸ್ ನಗರದ ಪಶ್ಚಿಮ ಭಾಗದಲ್ಲಿ ಮಾರ್ಮೊತಾನ್ ಮೊನೆ ಎಂಬ ಹೆಸರಿನ ಒಂದು ಚಿತ್ರಸಂಗ್ರಹಾಲಯವಿದೆ. ಅಲ್ಲಿರುವ ಒಂದು ತೈಲಚಿತ್ರವನ್ನು ನೋಡುವುದಕ್ಕೆಂದೇ ದೂರದೂರದ ದೇಶಗಳಿಂದ ಜನರು ಬರುವುದುಂಟು. ಅದೇನೂ ದೊಡ್ಡ ಚಿತ್ರವಲ್ಲ. ಅದರ ಎತ್ತರ ೪೮ ಸೆಂಟಿಮೀಟರು, ಅಗಲ ೬೩ ಸೆಂಟಿಮೀಟರು. ನಮ್ಮ ಶಾಲೆಗಳ ಗೋಡೆಯ ಮೇಲೆ ತೂಗುಹಾಕುವ ಭೂಪಟಕ್ಕಿಂತಲೂ ಚಿಕ್ಕದು.

ಚಿತ್ರದಲ್ಲಿರುವುದಾದರೂ ಏನು? ಒಂದು ಕಡಲತೀರದ ಪಟ್ಟಣ, ಮುಂಜಾನೆಯ ಹೊತ್ತು. ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಮೊದಲಾಯಿತು ಎಂದು ಬೇರ್ಪಡಿಸಿ ಹೇಳಲಾಗದಂತೆ ನೀಲಿ ಬೂದುಬಣ್ಣದ ಮಂಜು ಎಲ್ಲವನ್ನೂ ಕವಿದಿದೆ. ಮುಂಭಾಗದಲ್ಲಿ ಕಪ್ಪಾಗಿ ಕಾಣುವ ಒಂದು ಸಣ್ಣ ದೋಣಿ. ಅದರ ಹಿಂದೆ ಇನ್ನಷ್ಟು ಮಾಸಿದ ದೋಣಿಗಳು. ದೂರದಲ್ಲಿ ಹಡಗುಗಳ ಕೂವೆಮರಗಳು, ಹೊಗೆ ಕಾರುವ ಕೊಳವೆಗಳು, ಭಾರ ಎತ್ತುವ ಯಂತ್ರಗಳು ನೆರಳಿನಂತೆ ನಿಂತಿವೆ. ಇವೆಲ್ಲದರ ಮೇಲೆ ಕಿತ್ತಿಳೆ ಕೆಂಪಿನ ಒಂದು ದುಂಡು ಸೂರ್ಯ. ಅವನ ಪ್ರತಿಬಿಂಬವನ್ನು ನೀರಿನಲ್ಲಿ ಕೆಲವೇ ಕುಂಚದೆಳೆಗಳಿಂದ ತೋರಿಸಿದೆ. ಎಡಗಡೆಯ ಕೆಳಮೂಲೆಯಲ್ಲಿ ಕಲಾವಿದನ ಹೆಸರು, ಕ್ಲೋದ್ ಮೊನೆ ಎಂದು. ಹೆಸರಿನ ಪಕ್ಕದಲ್ಲಿ ೭೨ ಎಂಬ ಅಂಕಿ, ಎಂದರೆ ೧೮೭೨.

ಚಿತ್ರಕಲೆಯ ಮಾತು ವಿಜ್ಞಾನದ ಪತ್ರಿಕೆಯಲ್ಲಿ ಏಕೆ ಎಂದು ಓದುಗರು ಕೇಳಬಹುದು. ಕಾರಣವಿದೆ. ಈ ಚಿತ್ರವು ಮೊದಲ ಬಾರಿ ಜನರ ಮುಂದೆ ಬಂದಾಗ, ಇದು ಅರ್ಧಕ್ಕೆ ಬಿಟ್ಟ ಬಣ್ಣದ ಗೀಚಾಟ, ಇದರಲ್ಲಿ ಯಥಾರ್ಥತೆ ಎಂಬುದೇ ಇಲ್ಲ ಎಂಬ ಆಪಾದನೆಗೆ ಗುರಿಯಾಯಿತು. ಅದಾಗಿ ಒಂದೂವರೆ ಶತಮಾನ ಕಳೆದಿದೆ. ಈಚಿನ ವರ್ಷಗಳಲ್ಲಿ ಖಗೋಳಶಾಸ್ತ್ರಜ್ಞರೂ ಮಿದುಳಿನ ಶಾಸ್ತ್ರಜ್ಞರೂ ಹವಾಮಾನ ಶಾಸ್ತ್ರಜ್ಞರೂ ಈ ಚಿತ್ರವನ್ನೂ ಇದರ ಸೋದರ ಚಿತ್ರಗಳನ್ನೂ ತಮ್ಮ ತಮ್ಮ ರೀತಿಯಲ್ಲಿ ಪರೀಕ್ಷಿಸಿದ್ದಾರೆ. ಆಪಾದನೆ ನಿಲ್ಲುವುದೋ ಇಲ್ಲವೋ ಎಂಬುದನ್ನು ಅವರ ಸಾಕ್ಷ್ಯದಿಂದಲೇ ತಿಳಿಯಲು ನಾವು ಇಲ್ಲಿ ಯತ್ನಿಸೋಣ.

ಊರು ಮತ್ತು ಚಿತ್ರಗಾರ

ಚಿತ್ರದಲ್ಲಿರುವ ಪಟ್ಟಣದ ಹೆಸರು ಲ ಹಾವ್ರ್. ಫ್ರಾನ್ಸ್ ದೇಶದ ಉತ್ತರದಲ್ಲಿ, ನಾರ್ಮಂಡಿ ಪ್ರಾಂತದಲ್ಲಿ, ಸೇನ್ ನದಿಯು ಇಂಗ್ಲಿಷ್ ಕಡಲ್ಗಾಲುವೆಯನ್ನು ಸೇರುವೆಡೆಯಲ್ಲಿ ಇದು ಇದೆ. ೧೫೧೭ರಲ್ಲಿ ದೊರೆ ಮೊದಲನೆಯ ಫ್ರಾನ್ಸಿಸನು ಇದನ್ನು ಬಂದರಾಗಿ ಸ್ಥಾಪಿಸಿದನು. ಹತ್ತೊಂಬತ್ತನೆಯ ಶತಮಾನದಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟುವ ಉಗಿ ಹಡಗುಗಳಿಗೆ ಇದು ಮುಖ್ಯ ನೆಲೆಯಾಗಿತ್ತು.

ಮೊನೆ ಹುಟ್ಟಿದ್ದು ಪ್ಯಾರಿಸಿನಲ್ಲಿ, ೧೮೪೦ರ ನವೆಂಬರ್ ೧೪ರಂದು. ಆದರೆ ಬೆಳೆದದ್ದು ಲ ಹಾವ್ರಿನಲ್ಲಿ. ಅಲ್ಲಿಯೇ ಯೂಜೀನ್ ಬೂದಾನ್ ಎಂಬ ಹಿರಿಯ ಚಿತ್ರಗಾರನು ಈ ಹುಡುಗನನ್ನು ಕಡಲ ದಂಡೆಗೆ ಕರೆದೊಯ್ದು, ಬಯಲಿನಲ್ಲಿ ಕುಳಿತು ಮೋಡ ನೀರುಗಳನ್ನು ಕಂಡಂತೆ ಬರೆಯುವುದನ್ನು ಕಲಿಸಿದನು. ೧೮೭೦ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹತ್ತಿತು. ಮೊನೆ ಲಂಡನ್ನಿಗೆ ಹೋದನು. ಹಾಲೆಂಡಿನ ಮಾರ್ಗವಾಗಿ ೧೮೭೧ರಲ್ಲಿ ಸ್ವದೇಶಕ್ಕೆ ಮರಳಿದನು. ಫ್ರಾನ್ಸ್ ಸೋತಿತ್ತು. ಸೋತ ದೇಶದ ಒಂದು ಬಂದರು ಮತ್ತೆ ಹೊಗೆಯೆಬ್ಬಿಸಿ ಕೆಲಸಕ್ಕೆ ತೊಡಗಿದ ಮುಂಜಾನೆಯೊಂದನ್ನು ಅವನು ತಂಗಿದ್ದ ಹೋಟೆಲಿನ ಕಿಟಕಿಯಿಂದ ಕಂಡನು. ಈ ಚಿತ್ರದ ಹುಟ್ಟು ಅದರಿಂದ.

ಪ್ಯಾರಿಸಿನಲ್ಲಿ ಆಗ ಚಿತ್ರಗಾರನಿಗೆ ಮಾನ್ಯತೆ ದೊರೆಯಬೇಕಾದರೆ ಸರಕಾರದ ಆಶ್ರಯದಲ್ಲಿ ನಡೆಯುತ್ತಿದ್ದ ವಾರ್ಷಿಕ ಪ್ರದರ್ಶನದಲ್ಲಿ ಅವನ ಚಿತ್ರಕ್ಕೆ ಸ್ಥಳ ಸಿಕ್ಕಬೇಕಾಗಿತ್ತು. ಅಲ್ಲಿನ ತೀರ್ಪುಗಾರರ ರೀತಿಯಿಂದ ಬೇಸತ್ತ ಸುಮಾರು ಮೂವತ್ತು ಮಂದಿ ಕಲಾವಿದರು ಒಟ್ಟುಗೂಡಿ, ೧೮೭೪ರ ಏಪ್ರಿಲ್ ೧೫ರಂದು, ನದಾರ್ ಎಂಬ ಛಾಯಾಚಿತ್ರಗಾರನು ಹಿಂದೆ ಬಳಸುತ್ತಿದ್ದ ಕಟ್ಟಡದಲ್ಲಿ ತಮ್ಮದೇ ಪ್ರದರ್ಶನವನ್ನು ತೆರೆದರು. ಪಟ್ಟಿಯಲ್ಲಿ ಹಾಕಲು ಚಿತ್ರದ ಹೆಸರೇನೆಂದು ಕೇಳಿದಾಗ, ಇದನ್ನು ಲ ಹಾವ್ರಿನ ನೋಟವೆನ್ನಲು ಮೊನೆಗೆ ಮನಸ್ಸು ಬರಲಿಲ್ಲವಂತೆ. ಇಂಪ್ರೆಷನ್ ಎಂದು ಬರೆದುಕೊಳ್ಳಿ ಎಂದನಂತೆ. ನೋಡಿದೊಡನೆ ಮನಸ್ಸಿನ ಮೇಲೆ ಬೀಳುವ ಅಚ್ಚು ಎಂದು ಆ ಮಾತಿನ ಅರ್ಥ. ಹೀಗೆ ಚಿತ್ರಕ್ಕೆ 'ಇಂಪ್ರೆಷನ್, ಸೂರ್ಯೋದಯ' ಎಂಬ ಹೆಸರಾಯಿತು.

ಹತ್ತು ದಿನ ಕಳೆಯುವಷ್ಟರಲ್ಲಿ ಲ ಶಾರಿವಾರಿ ಎಂಬ ಹಾಸ್ಯಪತ್ರಿಕೆಯಲ್ಲಿ ಲೂಯಿ ಲೆರ್ವಾ ಎಂಬ ವಿಮರ್ಶಕನು ಈ ಪ್ರದರ್ಶನವನ್ನು ಗೇಲಿಮಾಡಿ ಬರೆದನು. ಗೋಡೆಗೆ ಅಂಟಿಸುವ ಕಾಗದವಾದರೂ ಈ ಕಡಲಿನ ಚಿತ್ರಕ್ಕಿಂತ ಪೂರ್ಣವಾಗಿರುತ್ತದೆ ಎಂಬುದು ಅವನ ಕುಹಕ. ಚಿತ್ರದ ಹೆಸರನ್ನೇ ಹಿಡಿದು ಆ ಕಲಾವಿದರೆಲ್ಲರನ್ನೂ ಅವನು ಇಂಪ್ರೆಷನಿಸ್ಟರೆಂದು ಹಂಗಿಸಿದನು. ಅವರಾದರೋ ಆ ಹಂಗಿನ ಮಾತನ್ನೇ ತಮ್ಮ ಪಂಥದ ಹೆಸರಾಗಿ ಧರಿಸಿದರು. ಪ್ರದರ್ಶನದ ಅನಂತರ ಎರ್ನೆಸ್ಟ್ ಹೊಷೆದೆ ಎಂಬ ವರ್ತಕನು ಚಿತ್ರವನ್ನು ೮೦೦ ಫ್ರಾಂಕುಗಳಿಗೆ ಕೊಂಡನು. ನಾಲ್ಕು ವರ್ಷಗಳ ಮೇಲೆ ಅವನು ದಿವಾಳಿಯೆದ್ದಾಗ ಅದೇ ಚಿತ್ರ ಹರಾಜಿನಲ್ಲಿ ೨೧೦ ಫ್ರಾಂಕುಗಳಿಗೆ ಹೋಯಿತು!

ಸೂರ್ಯನೇ ಗಡಿಯಾರ

ಈಗ ಮೊದಲನೆಯ ಸಾಕ್ಷ್ಯಕ್ಕೆ ಬರೋಣ. ಚಿತ್ರದಲ್ಲಿರುವುದು ನಿಜವಾಗಿ ಸೂರ್ಯೋದಯವೇ, ಅಥವಾ ಸೂರ್ಯಾಸ್ತವೇ? ಅದು ೧೮೭೨ರದೋ, ೧೮೭೩ರದೋ? ಕಲೆಯ ಚರಿತ್ರಕಾರರಲ್ಲಿ ಇವುಗಳ ಬಗೆಗೆ ಬಹುಕಾಲ ಭಿನ್ನಾಭಿಪ್ರಾಯವಿತ್ತು. ಅಮೆರಿಕದ ಟೆಕ್ಸಸ್ ರಾಜ್ಯ ವಿಶ್ವವಿದ್ಯಾನಿಲಯದ ಖಗೋಳಶಾಸ್ತ್ರಜ್ಞ ಡೊನಾಲ್ಡ್ ಓಲ್ಸನ್ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಅವರ ಶೋಧನೆಯ ಫಲ ೨೦೧೪ರಲ್ಲಿ ಪ್ರಕಟವಾಯಿತು. ಅವರ ತರ್ಕ ಹೇಗೆ ನಡೆಯಿತೆಂಬುದು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸತಕ್ಕ ಸಂಗತಿ.

ಮೊದಲು ತಿಳಿಯಬೇಕಾದುದು ಚಿತ್ರಗಾರನು ನಿಂತಿದ್ದ ಜಾಗ. ಆ ಕಾಲದ ಭೂಪಟಗಳನ್ನೂ ಛಾಯಾಚಿತ್ರಗಳನ್ನೂ ಚಿತ್ರದೊಡನೆ ಹೋಲಿಸಿದಾಗ, ಹಡಗುಕಟ್ಟೆಗೆ ಎದುರಾಗಿದ್ದ ಹೋಟೆಲೊಂದರ ಮೇಲಂತಸ್ತಿನ ಕಿಟಕಿಯಿಂದ ಅವನು ಬಂದರನ್ನು ನೋಡಿದನೆಂದು ಖಚಿತವಾಯಿತು. ಆ ಕಿಟಕಿಯ ನೋಟ ಆಗ್ನೇಯ ದಿಕ್ಕಿಗೆ. ಆದುದರಿಂದ ಅಲ್ಲಿ ಕಾಣುವುದು ಉದಯವೇ ಹೊರತು ಅಸ್ತವಲ್ಲ.

ಸೂರ್ಯನು ವರ್ಷವಿಡೀ ದಿಗಂತದ ಒಂದೇ ಬಿಂದುವಿನಲ್ಲಿ ಹುಟ್ಟುವುದಿಲ್ಲ ಎಂಬುದನ್ನು ನಾವು ಬಲ್ಲೆವು. ದಕ್ಷಿಣಾಯನದಲ್ಲಿ ಉದಯದ ಬಿಂದು ದಿನದಿನಕ್ಕೂ ದಕ್ಷಿಣಕ್ಕೆ ಸರಿಯುತ್ತದೆ; ಉತ್ತರಾಯಣದಲ್ಲಿ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಆದಕಾರಣ ದಿಗಂತದ ಯಾವುದೇ ಒಂದು ಬಿಂದುವಿನಲ್ಲಿ ಸೂರ್ಯನು ವರ್ಷಕ್ಕೆ ಎರಡು ಬಾರಿ, ಹೋಗುವಾಗ ಒಮ್ಮೆ ಬರುವಾಗ ಒಮ್ಮೆ, ಕಾಣಿಸಿಕೊಳ್ಳುತ್ತಾನೆ. ಚಿತ್ರದ ಸೂರ್ಯನಿರುವ ದಿಕ್ಕನ್ನು ಲೆಕ್ಕಹಾಕಿದಾಗ ದೊರೆತ ಎರಡು ಕಾಲಗಳು ಇವು: ನವೆಂಬರಿನ ನಡುಭಾಗ ಮತ್ತು ಜನವರಿಯ ಕೊನೆಯ ಭಾಗ. ಸೂರ್ಯನು ದಿಗಂತದಿಂದ ಎರಡು ಮೂರು ಡಿಗ್ರಿಗಳಷ್ಟೇ ಮೇಲೇರಿದ್ದಾನೆ. ಎಂದರೆ, ಹುಟ್ಟಿ ೨೦ರಿಂದ ೩೦ ನಿಮಿಷಗಳಾಗಿರಬೇಕು.

ಎರಡನೆಯ ಗಡಿಯಾರ ಸಮುದ್ರ. ಲ ಹಾವ್ರಿನಲ್ಲಿ ಉಬ್ಬರವಿಳಿತ ಬಲು ಹೆಚ್ಚು. ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ ನೀರು ಏಳು ಮೀಟರಿನಷ್ಟು ಏರಿ ಇಳಿಯುವುದುಂಟು. ಹೊರಬಂದರಿನಲ್ಲಿ ನೀರು ಆಳವಿಲ್ಲದುದರಿಂದ, ದೊಡ್ಡ ಹಡಗುಗಳು ಉಬ್ಬರದ ಹೊತ್ತಿನಲ್ಲಿ ಮಾತ್ರ ಒಳಹೊರಗೆ ಚಲಿಸಬಲ್ಲವಾಗಿದ್ದುವು. ಚಿತ್ರದಲ್ಲಿ ಹಡಗುಗಳು ನೀರಿನ ಮೇಲಿವೆ. ಹಿನ್ನೆಲೆಯಲ್ಲಿ ಒಳಬಂದರಿನ ನೀರ್ಬಾಗಿಲು ತೆರೆದಿದೆ. ಸೂರ್ಯನು ಹುಟ್ಟಿದ ಅರ್ಧ ಗಂಟೆಯೊಳಗೇ ಉಬ್ಬರವೂ ಇದ್ದ ದಿನಗಳು ಯಾವುವು? ಚಂದ್ರನ ಗತಿಯನ್ನು ಹಿಡಿದು ಹಿಂದಕ್ಕೆ ಎಣಿಸಿದರೆ ಅವನ್ನು ತಿಳಿಯಬಹುದು. ಅಂಥ ದಿನಗಳು ಬೆರಳೆಣಿಕೆಯ ಹತ್ತಿರಕ್ಕೆ ಬಂದುವು.

ಮೂರನೆಯದು ಹವೆ. ಆ ದಿನಗಳ ಹವಾಮಾನದ ವರದಿಗಳು ಇನ್ನೂ ಉಳಿದಿವೆ. ಬಿರುಗಾಳಿ ಬೀಸಿದ ದಿನಗಳನ್ನೂ ಮೋಡ ಪೂರ್ತಿಯಾಗಿ ಮುಚ್ಚಿದ್ದ ದಿನಗಳನ್ನೂ ಅವುಗಳ ಸಹಾಯದಿಂದ ತೆಗೆದುಹಾಕಿದರು. ಕೊನೆಗೆ, ಚಿತ್ರದಲ್ಲಿ ಹೊಗೆಯು ಎಡದಿಂದ ಬಲಕ್ಕೆ ವಾಲಿದೆ. ಗಾಳಿ ಪೂರ್ವದ ಕಡೆಯಿಂದ ಬೀಸುತ್ತಿತ್ತೆಂದು ಅದರ ಅರ್ಥ. ಈ ಲಕ್ಷಣಗಳೆಲ್ಲವೂ ಕೂಡಿ ಬಂದ ದಿನಗಳು ಎರಡೇ: ೧೮೭೨ರ ನವೆಂಬರ್ ೧೩ ಮತ್ತು ೧೮೭೩ರ ಜನವರಿ ೨೫. ಚಿತ್ರದ ಮೇಲೆ ಕಲಾವಿದನು ತಾನೇ ೭೨ ಎಂದು ಬರೆದಿರುವುದರಿಂದ ಮೊದಲನೆಯ ದಿನವೇ ಹೆಚ್ಚು ಸಂಭವನೀಯ. ಸಮಯ, ಅಲ್ಲಿನ ಗಡಿಯಾರದಲ್ಲಿ ಬೆಳಿಗ್ಗೆ ೭ ಗಂಟೆ ೩೫ ನಿಮಿಷದ ಆಸುಪಾಸು. ಮರುದಿನ ಮೊನೆಗೆ ಮೂವತ್ತೆರಡು ವರ್ಷ ತುಂಬುವುದಿತ್ತು.

ಇದು ಸಂಭವನೀಯತೆಯ ನಿರ್ಣಯವೇ ಹೊರತು ಕಣ್ಣಾರೆ ಕಂಡವರ ಸಾಕ್ಷ್ಯವಲ್ಲ ಎಂಬುದನ್ನು ಮರೆಯಬಾರದು. ಆದರೂ ಒಂದು ಮಾತು ಸ್ಪಷ್ಟ. ಸೂರ್ಯನ ಎಡೆ, ನೀರಿನ ಮಟ್ಟ, ಗಾಳಿಯ ದಿಕ್ಕು ಈ ಮೂರೂ ಒಂದಕ್ಕೊಂದು ವಿರೋಧವಿಲ್ಲದೆ ಒಂದು ನೈಜ ಮುಂಜಾನೆಗೆ ಹೊಂದುವುವು. ಗೀಚಾಟವೆನಿಸಿಕೊಂಡ ಚಿತ್ರದಲ್ಲಿ ಇಷ್ಟು ನಿಖರತೆ ಇರುವುದೆಂದು ಲೆರ್ವಾ ಊಹಿಸಿರಲಾರನು.

ಮಂಜು, ಹೊಗೆ, ಕೆಂಪು

ಸೂರ್ಯನು ಕೆಂಪಾಗಿರಲು ಕಾರಣವೇನು? ನಡುನೆತ್ತಿಯಲ್ಲಿದ್ದಾಗ ಅವನ ಕಿರಣಗಳು ವಾಯುಮಂಡಲದಲ್ಲಿ ಎಷ್ಟು ದೂರ ಸಾಗುವುವೋ, ದಿಗಂತದಿಂದ ಎರಡು ಮೂರು ಡಿಗ್ರಿ ಮೇಲಿದ್ದಾಗ ಅದರ ೧೫ರಿಂದ ೨೦ ಪಟ್ಟು ಗಾಳಿಯನ್ನು ಭೇದಿಸಿಕೊಂಡು ಬರಬೇಕಾಗುತ್ತದೆ. ಗಾಳಿಯ ಅಣುಗಳು ಚಿಕ್ಕ ತರಂಗಾಂತರದ ಬೆಳಕನ್ನು ಹೆಚ್ಚಾಗಿ ಚದರಿಸುತ್ತವೆ. ನೀಲಿ ಬೆಳಕು ಕೆಂಪು ಬೆಳಕಿಗಿಂತ ನಾಲ್ಕು ಪಟ್ಟಿಗೂ ಮಿಗಿಲಾಗಿ ಚದರುತ್ತದೆ. ಆದುದರಿಂದ ದೂರದ ದಾರಿಯಲ್ಲಿ ನೀಲಿ ಅಡ್ಡದಾರಿ ಹಿಡಿದು ಕಳೆದುಹೋಗಿ, ನೇರವಾಗಿ ನಮ್ಮ ಕಣ್ಣಿಗೆ ತಲುಪುವುದು ಕಿತ್ತಿಳೆ, ಕೆಂಪು ಮಾತ್ರ.

ಮಂಜಿನ ರೀತಿ ಬೇರೆ. ಅದರ ಹನಿಗಳು ಬೆಳಕಿನ ತರಂಗಾಂತರಕ್ಕಿಂತ ಬಹಳ ದಪ್ಪ. ಅವು ಎಲ್ಲ ಬಣ್ಣಗಳನ್ನೂ ಸರಿಸಮಾನವಾಗಿ ಚದರಿಸುವುವು. ಆದಕಾರಣ ಮಂಜು ಬಿಳಿಚಾಗಿಯೋ ಬೂದಾಗಿಯೋ ಕಾಣುತ್ತದೆ. ದೂರದ ವಸ್ತುಗಳ ಅಂಚುಗಳು ಅದರಲ್ಲಿ ಕರಗುತ್ತವೆ. ಕಲ್ಲಿದ್ದಲಿನ ಹೊಗೆಯ ಸೂಕ್ಷ್ಮ ಕಣಗಳೂ ಮಂಜಿನೊಡನೆ ಬೆರೆತಾಗ ನೋಟ ಇನ್ನಷ್ಟು ಮಸುಕಾಗುತ್ತದೆ. ಚಿತ್ರದಲ್ಲಿ ಹತ್ತಿರದ ದೋಣಿ ಕಪ್ಪಾಗಿ, ಆಚೆಯದು ಬೂದಾಗಿ, ಅದರಾಚೆಯ ಕೂವೆಮರಗಳು ನೆರಳಾಗಿ ಕಾಣುವ ಕ್ರಮವು ಈ ನಿಯಮಕ್ಕೆ ಅನುಗುಣವಾಗಿಯೇ ಇದೆ.

ಇದರ ಮೇಲೆ ಇನ್ನೊಂದು ಶೋಧನೆಯೂ ನಡೆದಿದೆ. ಆಲ್‌ಬ್ರೈಟ್ ಮತ್ತು ಹ್ಯೂಬರ್ಸ್ ಎಂಬ ಇಬ್ಬರು ಹವಾಮಾನ ಶಾಸ್ತ್ರಜ್ಞರು ಟರ್ನರ್ ಮತ್ತು ಮೊನೆ ಬರೆದ ಸುಮಾರು ನೂರು ಚಿತ್ರಗಳ ಅಂಚುಗಳ ಸ್ಪಷ್ಟತೆಯನ್ನೂ ಬಣ್ಣದ ಬಿಳುಪನ್ನೂ ಗಣಿತದಿಂದ ಅಳೆದು, ಆ ಕಾಲದಲ್ಲಿ ಕಲ್ಲಿದ್ದಲನ್ನು ಸುಟ್ಟುದರಿಂದ ಗಾಳಿಗೆ ಸೇರಿದ ಗಂಧಕದ ಡೈಆಕ್ಸೈಡಿನ ಅಂದಾಜಿನೊಡನೆ ಹೋಲಿಸಿ ೨೦೨೩ರಲ್ಲಿ ಪ್ರಕಟಿಸಿದರು. ಗಾಳಿ ಮಲಿನವಾದಂತೆಲ್ಲ ಚಿತ್ರಗಳೂ ಮಸುಕಾದುವೆಂಬುದು ಅವರ ತೀರ್ಮಾನ. ಚಿತ್ರಗಾರರು ತಮ್ಮ ಕಾಲದ ಆಕಾಶವನ್ನು ಅರಿಯದೆಯೇ ದಾಖಲೆ ಮಾಡಿದ್ದಾರೆ. ಕೇವಲ ಮಸುಕಿನ ಮೋಹದಿಂದ ಅವರು ಹಾಗೆ ಬರೆದರೆನ್ನುವುದು ಇನ್ನು ಸುಲಭವಲ್ಲ.

ಬೆಳಗದ ಸೂರ್ಯ ಬೆಳಗುವುದು ಹೇಗೆ?

ಈಗ ಈ ಚಿತ್ರದ ಬಹು ವಿಚಿತ್ರವಾದ ಗುಣಕ್ಕೆ ಬರೋಣ. ಓದುಗರು ತಾವೇ ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಚಿತ್ರದ ಒಳ್ಳೆಯ ಬಣ್ಣದ ಪ್ರತಿಯೊಂದನ್ನು ಮೊಬೈಲ್ ಫೋನಿನಲ್ಲಿ ಹಿಡಿದು, ಅದನ್ನು ಕಪ್ಪುಬಿಳುಪಿಗೆ ಬದಲಿಸಿ. ದೋಣಿಗಳಿರುವುವು, ಕೂವೆಮರಗಳಿರುವುವು, ಆದರೆ ಸೂರ್ಯನೆಲ್ಲಿ? ಅವನು ಬಹುಮಟ್ಟಿಗೆ ಮಾಯವಾಗಿರುತ್ತಾನೆ!

ಇದರ ಅರ್ಥವೇನು? ಬಣ್ಣವನ್ನು ಬದಿಗಿಟ್ಟು, ಎಷ್ಟು ಬೆಳಕು ಕಣ್ಣಿಗೆ ಬರುತ್ತಿದೆ ಎಂಬುದನ್ನು ಮಾತ್ರ ಗಣಿಸಿದರೆ, ಚಿತ್ರದ ಸೂರ್ಯನೂ ಅವನ ಸುತ್ತಲಿನ ಮೋಡವೂ ಸರಿಸಮ. ಈ ಬೆಳಕಿನ ಪ್ರಮಾಣವನ್ನು ದೀಪ್ತಿ ಎಂದು ಕರೆಯೋಣ. ನೈಜ ಸೂರ್ಯನು ಎಂದಿಗೂ ಹೀಗಿರುವುದಿಲ್ಲ. ಮಂಜಿನಲ್ಲಿ ದುಂಡಗೆ ಕಾಣುವಾಗಲೂ ಅವನು ಸುತ್ತಲಿನ ಆಕಾಶಕ್ಕಿಂತ ಪ್ರಕಾಶಮಾನನೇ. ಆದರೂ ಚಿತ್ರದ ಸೂರ್ಯನು ಹೊಳೆಯುತ್ತಾನೆ, ಮಿಡಿಯುತ್ತಾನೆ ಎಂದು ನೋಡಿದವರೆಲ್ಲರೂ ಹೇಳುವರು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ಇದಕ್ಕೆ ಕೊಡುವ ವಿವರಣೆ ಹೀಗಿದೆ.

ಕಣ್ಣಿನ ಅಕ್ಷಿಪಟದಿಂದ ಹೊರಟ ಸಂದೇಶಗಳು ಮಿದುಳಿನಲ್ಲಿ ಒಂದೇ ಕಡೆ ಪರಿಶೀಲಿಸಲ್ಪಡುವುದಿಲ್ಲ. ವಸ್ತುವು ಎಲ್ಲಿದೆ, ಎಷ್ಟು ದೂರದಲ್ಲಿದೆ, ಚಲಿಸುತ್ತಿದೆಯೆ ಎಂಬುದನ್ನು ನಿರ್ಣಯಿಸುವ ಭಾಗವು ವಿಕಾಸದಲ್ಲಿ ಹಳೆಯದು. ಅದು ದೀಪ್ತಿಯ ವ್ಯತ್ಯಾಸವನ್ನು ಮಾತ್ರ ಬಲ್ಲದು. ಬಣ್ಣದ ಮಟ್ಟಿಗೆ ಅದು ಬಹುಮಟ್ಟಿಗೆ ಕುರುಡು. ವಸ್ತುವು ಏನು, ಅದರ ಬಣ್ಣ ಯಾವುದು ಎಂಬುದನ್ನು ಅರಿಯುವ ಭಾಗ ಬೇರೆ. ಚಿತ್ರದ ಸೂರ್ಯನನ್ನು ನೋಡಿದಾಗ ಎರಡನೆಯ ಭಾಗವು ಕಿತ್ತಿಳೆ ಬಿಂಬವನ್ನು ಸ್ಪಷ್ಟವಾಗಿ ಕಾಣುತ್ತದೆ. ಮೊದಲನೆಯ ಭಾಗಕ್ಕಾದರೋ ಅಲ್ಲಿ ಏನೂ ಇಲ್ಲ. ಇದ್ದಾನೆ ಎಂದು ಒಂದು, ಎಲ್ಲಿಯೂ ಇಲ್ಲ ಎಂದು ಇನ್ನೊಂದು! ಈ ವಿವಾದದಿಂದಾಗಿ ಸೂರ್ಯನ ಎಡೆ ನೆಲೆನಿಲ್ಲದೆ ನಮಗೆ ಅವನು ನಡುಗುವಂತೆ, ಮಿಡಿಯುವಂತೆ ಭಾಸವಾಗುತ್ತಾನೆ.

ಇದರ ಜೊತೆಗೆ ಬಣ್ಣಗಳ ನೆರೆಹೊರೆಯ ಪ್ರಭಾವವೂ ಉಂಟು. ಪ್ಯಾರಿಸಿನ ಗೊಬ್ಲಾನ್ ನೇಯ್ಗೆಶಾಲೆಯಲ್ಲಿ ಬಣ್ಣಗಾರಿಕೆಯ ಅಧಿಕಾರಿಯಾಗಿದ್ದ ರಸಾಯನಶಾಸ್ತ್ರಜ್ಞ ಶೆವ್ರೂಲನಿಗೆ ಒಂದು ದೂರು ಬಂದಿತು: ಕಪ್ಪು ನೂಲು ಸಾಕಷ್ಟು ಕಪ್ಪಾಗಿಲ್ಲವೆಂದು. ಅವನು ಪರೀಕ್ಷಿಸಿದಾಗ ನೂಲಿನಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿದ್ದ ನೂಲಿನ ಬಣ್ಣವೇ ಕಪ್ಪನ್ನು ಕೆಡಿಸುತ್ತಿತ್ತು. ಎರಡು ಬಣ್ಣಗಳು ಅಕ್ಕಪಕ್ಕದಲ್ಲಿದ್ದಾಗ ಒಂದು ಇನ್ನೊಂದರ ತೋರಿಕೆಯನ್ನು ಬದಲಿಸುತ್ತದೆ. ಪರಸ್ಪರ ವಿರುದ್ಧವಾದ ಬಣ್ಣಗಳಿದ್ದರೆ ಎರಡೂ ಮತ್ತಷ್ಟು ಉಜ್ಜ್ವಲವಾಗುತ್ತವೆ ಎಂದು ಅವನು ೧೮೩೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದನು. ನೀಲಿ ಬೂದಿನ ನಡುವೆ ಕಿತ್ತಿಳೆ ಸೂರ್ಯನು ಉರಿಯುವಂತೆ ಕಾಣುವುದಕ್ಕೆ ಇದೂ ಒಂದು ಕಾರಣ.

ಮೊನೆ ಇದನ್ನೇಕೆ ಮಾಡಬೇಕಾಯಿತು? ಬಿಳಿಯ ಬಣ್ಣವು ಕಪ್ಪು ಬಣ್ಣಕ್ಕಿಂತ ಸುಮಾರು ೨೦ ಪಟ್ಟು, ಅಥವಾ ತುಸು ಹೆಚ್ಚು, ಬೆಳಕನ್ನು ಹಿಂದಿರುಗಿಸಬಲ್ಲದು. ಚಿತ್ರಗಾರನ ಸಂಪತ್ತು ಇಷ್ಟೇ. ನಿಸರ್ಗದಲ್ಲಾದರೋ ಸೂರ್ಯನಿಗೂ ನೆರಳಿಗೂ ಇರುವ ಅಂತರ ಸಾವಿರಾರು ಪಟ್ಟು. ಆದಕಾರಣ ಸೂರ್ಯನ ಪ್ರಕಾಶವನ್ನು ಇದ್ದಂತೆ ಬರೆಯುವುದು ಯಾವ ಕುಂಚಕ್ಕೂ ಸಾಧ್ಯವಿಲ್ಲ. ಬರೆಯಲಾಗದ ಪ್ರಕಾಶವನ್ನು ಅವನು ಬಣ್ಣದ ಮೂಲಕ ನೋಡುವವನ ಮಿದುಳಿನಲ್ಲಿಯೇ ಹುಟ್ಟಿಸಿದನು. ಅವನಿಗೆ ನರಶಾಸ್ತ್ರ ತಿಳಿದಿರಲಿಲ್ಲ. ನೋಡಿ ನೋಡಿ, ಬರೆದು ಬರೆದು ತನ್ನ ಕಣ್ಣಿನಿಂದಲೇ ಇದನ್ನು ಕಲಿತಿರಬೇಕು.

ಕೊಳವೆಯೊಳಗಿನ ಬಣ್ಣ

ಇಂಥ ಚಿತ್ರವು ಹಿಂದಿನ ಶತಮಾನಗಳಲ್ಲಿ ಹುಟ್ಟುವುದು ಕಷ್ಟವಾಗಿತ್ತು. ಚಿತ್ರಗಾರರು ಆಗ ಬಣ್ಣವನ್ನು ತಾವೇ ಅರೆದು ಎಣ್ಣೆಯಲ್ಲಿ ಕಲಸಬೇಕಾಗಿತ್ತು; ಉಳಿದುದನ್ನು ಹಂದಿಯ ಮೂತ್ರಕೋಶದಲ್ಲಿ ಕಟ್ಟಿಡುತ್ತಿದ್ದರು. ೧೮೪೧ರಲ್ಲಿ ಜಾನ್ ರ್‍ಯಾಂಡ್ ಎಂಬ ಅಮೆರಿಕದ ಚಿತ್ರಗಾರನು ಹಿಂಡಿದರೆ ಬಣ್ಣ ಹೊರಬರುವ ತವರದ ಕೊಳವೆಗೆ ಪೇಟೆಂಟು ಪಡೆದನು. ಅಂದಿನಿಂದ ಬಣ್ಣಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಕಡಲತೀರಕ್ಕೂ ಹೋಟೆಲಿನ ಕಿಟಕಿಗೂ ಹೋಗುವುದು ಸುಲಭವಾಯಿತು. ರಸಾಯನಶಾಸ್ತ್ರವು ಹೊಸ ಬಣ್ಣಗಳನ್ನೂ ಕೊಟ್ಟಿತು. ಕೋಬಾಲ್ಟ್ ನೀಲಿ, ಕ್ರೋಮ್ ಹಳದಿ, ಕ್ಯಾಡ್ಮಿಯಂ ಹಳದಿ ಇವೆಲ್ಲವೂ ಹತ್ತೊಂಬತ್ತನೆಯ ಶತಮಾನದ ಕೊಡುಗೆಗಳು. ಆಫ್ಘಾನಿಸ್ತಾನದ ಗಣಿಗಳಿಂದ ಬರುತ್ತಿದ್ದ ರಾಜಾವರ್ತದ ಕಲ್ಲನ್ನು ಅರೆದು ಮಾಡುತ್ತಿದ್ದ ದುಬಾರಿ ನೀಲಿಯನ್ನು ೧೮೨೦ರ ದಶಕದಲ್ಲಿಯೇ ಫ್ರಾನ್ಸಿನಲ್ಲಿ ಕೃತಕವಾಗಿ ತಯಾರಿಸಿದ್ದರು.

ಬಣ್ಣವನ್ನು ಕಲಸುವ ಎಣ್ಣೆಯಲ್ಲಿ ಮುಖ್ಯವಾದುದು ಅಗಸೆ ಎಣ್ಣೆ. ನಮ್ಮ ಉತ್ತರ ಕರ್ನಾಟಕದಲ್ಲಿ ಚಟ್ನಿಪುಡಿಗೆ ಬಳಸುವ ಅಗಸೆಯೇ ಇದು. ಈ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿಕೊಂಡು, ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾದ ಪೊರೆಯಾಗುತ್ತವೆ. ಆದುದರಿಂದ ಒಣಗುವಾಗ ಅದರ ತೂಕ ಮೊದಲು ಹೆಚ್ಚುತ್ತದೆ! ಕೊಬ್ಬರಿ ಎಣ್ಣೆಯ ಅಣುಗಳಲ್ಲಿ ಹೀಗೆ ಹೆಣೆದುಕೊಳ್ಳಲು ಬೇಕಾದ ದ್ವಿಬಂಧಗಳು ತೀರ ಕಡಮೆ. ಎಷ್ಟು ಕಾಲವಿಟ್ಟರೂ ಅದು ಒಣಗದು. ಎಣ್ಣೆಬಣ್ಣ ಒಣಗಲು ದಿನಗಳು ಬೇಕು. ಆದರೆ ಸೂರ್ಯನು ಆ ಸ್ಥಿತಿಯಲ್ಲಿ ನಿಲ್ಲುವುದು ಕೆಲವು ನಿಮಿಷ. ಒಣಗದ ಬಣ್ಣದ ಮೇಲೆಯೇ ಬಣ್ಣವನ್ನಿಟ್ಟು ಬೇಗಬೇಗನೆ ಮುಗಿಸುವ ರೀತಿಯನ್ನು ಇಂಪ್ರೆಷನಿಸ್ಟರು ಹಿಡಿದುದಕ್ಕೆ ಇದೇ ಕಾರಣ. ಪೂರ್ಣವಾಗಿಲ್ಲವೆಂದು ವಿಮರ್ಶಕನಿಗೆ ಕಂಡುದು ಅವಸರದ ಸೋಮಾರಿತನವಲ್ಲ. ಓಡುವ ಬೆಳಕನ್ನು ಹಿಡಿಯುವ ಉಪಾಯ.

ಉಳಿದ ಮುಂಜಾನೆ

ಈ ಚಿತ್ರದ ಮುಂದಿನ ಬಾಳು ಸುಗಮವಾಗಿರಲಿಲ್ಲ. ೧೯೪೦ರಲ್ಲಿ ಅದು ಮಾರ್ಮೊತಾನ್ ಸಂಗ್ರಹಾಲಯಕ್ಕೆ ದಾನವಾಗಿ ಸೇರಿತು. ೧೯೮೫ರ ಅಕ್ಟೋಬರ್ ೨೭ರಂದು, ಹಾಡಹಗಲಿನಲ್ಲಿ, ಪಿಸ್ತೂಲು ಹಿಡಿದ ಕಳ್ಳರು ನುಗ್ಗಿ ಇದನ್ನೂ ಸೇರಿಸಿ ಒಂಬತ್ತು ಚಿತ್ರಗಳನ್ನು ಕದ್ದೊಯ್ದರು. ಐದು ವರ್ಷಗಳ ಅನಂತರ, ೧೯೯೦ರ ಡಿಸೆಂಬರಿನಲ್ಲಿ, ಕಾರ್ಸಿಕ ದ್ವೀಪದಲ್ಲಿ ಅವು ಪತ್ತೆಯಾದುವು.

ಊರಿನ ಬಾಳು ಇನ್ನೂ ಕಠೋರ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ವಶದಲ್ಲಿದ್ದ ಲ ಹಾವ್ರಿನ ಮೇಲೆ ೧೯೪೪ರ ಸೆಪ್ಟೆಂಬರಿನಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳು ಬಾಂಬಿನ ಮಳೆ ಸುರಿಸಿದುವು. ನಗರದ ನಡುಭಾಗ ನೆಲಸಮವಾಯಿತು. ಸುಮಾರು ಎರಡು ಸಾವಿರ ಮಂದಿ ನಾಗರಿಕರು ಮಡಿದರು. ಯುದ್ಧದ ಅನಂತರ ಓಗ್ಯೂಸ್ತ್ ಪೆರೆ ಎಂಬ ವಾಸ್ತುಶಿಲ್ಪಿಯ ನೇತೃತ್ವದಲ್ಲಿ ಆ ಭಾಗವನ್ನು ಕಾಂಕ್ರೀಟಿನಿಂದ ಹೊಸದಾಗಿ ಕಟ್ಟಿದರು. ೨೦೦೫ರಲ್ಲಿ ಯುನೆಸ್ಕೊ ಅದನ್ನು ವಿಶ್ವಪರಂಪರೆಯ ತಾಣವೆಂದು ಸಾರಿತು. ಆದರೆ ಮೊನೆ ನಿಂತಿದ್ದ ಆ ಹೋಟೆಲು, ಆ ಕಿಟಕಿ, ಅದರೆದುರಿನ ಹಳೆಯ ಹಡಗುಕಟ್ಟೆ ಇಂದು ಇಲ್ಲ. ಆ ನೋಟವನ್ನು ಯಾರೂ ಮತ್ತೆ ಅಲ್ಲಿ ನಿಂತು ಕಾಣಲಾರರು.

ಆಪಾದನೆಯ ಮಾತಿಗೆ ಮರಳಿದರೆ, ನಾವು ಕೇಳಿದ ಸಾಕ್ಷಿಗಳೆಲ್ಲರೂ ಒಂದೇ ಮಾತನ್ನು ಹೇಳುತ್ತಿಲ್ಲವೆಂಬುದು ನಿಜ. ಸೂರ್ಯನ ಎಡೆಯಲ್ಲಿಯೂ ನೀರಿನ ಮಟ್ಟದಲ್ಲಿಯೂ ಗಾಳಿಯ ದಿಕ್ಕಿನಲ್ಲಿಯೂ ಚಿತ್ರವು ನಿಸರ್ಗಕ್ಕೆ ನಿಷ್ಠವಾಗಿದೆ. ಸೂರ್ಯನ ದೀಪ್ತಿಯಲ್ಲಿ ಮಾತ್ರ ನಿಸರ್ಗದಿಂದ ದೂರ ಸರಿದಿದೆ. ಹಾಗೆ ಸರಿದುದರಿಂದಲೇ ಅಂದಿನ ಮುಂಜಾನೆಯ ಅನುಭವ ಇಂದಿಗೂ ನಮ್ಮ ಕಣ್ಣಿಗೆ ದಕ್ಕುತ್ತಿದೆ. ಅಪೂರ್ಣವೆಂದು ಹಂಗಿಸಿಕೊಂಡ ಆ ಚಿಕ್ಕ ಕ್ಯಾನ್ವಾಸಿನಲ್ಲಿ ಒಂದು ಊರಿನ ಒಂದು ಗಳಿಗೆ, ಅದರ ನೀರು, ಗಾಳಿ, ಹೊಗೆಗಳ ಸಮೇತ ಉಳಿದುಕೊಂಡಿದೆ.

ಓದುಗರು ಮುಂದಿನ ಚಳಿಗಾಲದಲ್ಲಿ ಮಂಜು ಕವಿದ ಒಂದು ಬೆಳಿಗ್ಗೆ ಬೇಗನೆ ಎದ್ದು ಮನೆಯ ಮಾಳಿಗೆಯ ಮೇಲೆ ನಿಲ್ಲಲಿ. ಯಾವ ಮರ ಕಪ್ಪಾಗಿದೆ, ಯಾವುದು ಬೂದಾಗಿದೆ, ಹೊಗೆ ಯಾವ ಕಡೆಗೆ ವಾಲಿದೆ, ಸೂರ್ಯನು ಯಾವ ಮನೆಯ ಮೂಲೆಯಿಂದ ಮೇಲೆದ್ದನು ಎಂಬುದನ್ನು ತಾರೀಖಿನೊಡನೆ ಬರೆದಿಡಲಿ. ಆದರೆ ಒಂದು ಎಚ್ಚರಿಕೆ: ಮಂಜಿನ ಮರೆಯಲ್ಲಿದ್ದರೂ ಸೂರ್ಯಬಿಂಬವನ್ನೇ ದಿಟ್ಟಿಸಿ ನೋಡಬಾರದು, ದುರ್ಬೀನಿನಿಂದಲಂತೂ ಎಂದಿಗೂ ಕೂಡದು. ಎರಡು ತಿಂಗಳ ಅನಂತರ ಅದೇ ಜಾಗದಲ್ಲಿ ನಿಂತು ತಮ್ಮ ಟಿಪ್ಪಣಿಯನ್ನು ಮತ್ತೆ ನೋಡಲಿ. ಓಲ್ಸನ್ನರು ಅಷ್ಟು ಶ್ರಮಪಟ್ಟು ಹಿಂದಕ್ಕೆ ಎಣಿಸಿದ ಲೆಕ್ಕದ ಮೊದಲ ಪಾಠ ಅವರಿಗೆ ಅಲ್ಲಿಯೇ ದೊರೆಯುವುದು.